‘ಮರಳಿ ಮಣ್ಣಿಗೆ’: ಇಷ್ಟಾನೂ ಆಯ್ತು, ಸಿಟ್ಟೂ ಬಂತು

ಮೆಹದಿಪಟ್ಟಣಂ ರೈತು ಬಜಾರ್ ಹತ್ರ ಗಚ್ಚಿಬೌಲಿ ಕ್ಯಾಬಿಗೆ ಕಾಯ್ತಾ ಕಾಯ್ತಾ, ದಿನಕ್ಕೆ ನಾಲ್ಕೈದು ಪುಟದ ಹಾಗೆ, ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನ ಎರಡನೇ ಸಲ ಓದಿ ಮುಗಿಸಿದೆ. ಎಂಟೆಕ್ ಮಾಡುವಾಗ ಹಾಸ್ಟೆಲಲ್ಲಿ ಓದಿದ್ದಾಗ ಬರೀ ಇಷ್ಟ ಆಗಿತ್ತು. ಈ ಸಲ ಇಷ್ಟದ ಜೊತೆ ಸಿಟ್ಟೂ ಬಂತು. ಯಾಕೆ ಅಂತ ಇವತ್ತು ಹೇಳ್ತೀನಿ.

ಓದದೇ ಇರೋರಿಗೆ ಮೊದಲು ಕತೆ. ಇದು 1940ರ ದಶಕದ ಆರಂಭದ ಕಾದಂಬರಿ. ದಕ್ಷಿಣ ಕನ್ನಡದ ಕಡಲ ತೀರದ ಒಂದು ಮನೆ, ಮೂರು ತಲೆಮಾರು. ರಾಮ ಐತಾಳರದ್ದು ಪೌರೋಹಿತ್ಯ. ಮಗ ಲಚ್ಚ ಇಂಗ್ಲಿಷ್ ಓದೋಕೆ ಹೋಗಿ, ಚಟಕ್ಕೆ ಬಿದ್ದು ಆಸ್ತಿ ಕಳೀತಾನೆ. ಮೊಮ್ಮಗ ರಾಮ ಮದ್ರಾಸಲ್ಲಿ ಓದಿ, ಸ್ವಾತಂತ್ರ್ಯ ಚಳವಳಿಗೆ ಇಳಿದು, ಕೆಲಸಕ್ಕಾಗಿ ಮುಂಬೈಯಲ್ಲೂ ಅಲೆದು, ಕೊನೆಗೆ ಊರಿಗೇ ವಾಪಸ್ ಬರ್ತಾನೆ. ಜೊತೆಗೆ ಆ ಕಡಲು, ಆ ಮಳೆ! ಊರು ಬಿಟ್ಟು ಬಂದ ನಮ್ಮಂಥೋರಿಗೆ ಅಷ್ಟು ಸಾಕು.

ಹಾಗಾದ್ರೆ ಸಿಟ್ಟು ಯಾಕೆ? ಮಕ್ಕಳಾಗಲಿಲ್ಲ ಅಂತ ಐತಾಳರು ಎರಡನೇ ಮದುವೆ ಆಗ್ತಾರೆ. ಮೊದಲ ಹೆಂಡತಿ ಪಾರೋತಿ ಅದೇ ಮನೇಲಿ ದುಡೀತಾನೇ ಇರ್ತಾಳೆ. ಐತಾಳರ ವಿಧವೆ ಸೋದರಿ ಸರಸೋತಿಯೂ ಅಷ್ಟೇ. ಲಚ್ಚನ ಕೈಹಿಡಿದ ನಾಗವೇಣಿ ಎಲ್ಲ ಕಳ್ಕೊಂಡು ಒಬ್ಬ ಮಗನ್ನ ದಡ ಮುಟ್ಟಿಸ್ತಾಳೆ. ಈ ಹೆಂಗಸರ ಸಹನೆ ಎಷ್ಟು ಚೆಂದವಾಗಿ ಬಂದಿದೆ ಅಂದ್ರೆ, ಇದು ಅನ್ಯಾಯ ಅಂತ ಅನ್ನಿಸೋಕೆ ಮೊದಲೇ ಕಣ್ಣು ಒದ್ದೆ ಆಗಿಬಿಡುತ್ತೆ. ನನ್ನ ತಕರಾರು ಇದೇ.

ಆದ್ರೆ ಕಾರಂತರು ಏನನ್ನೂ ಬಚ್ಚಿಟ್ಟಿಲ್ಲ. ಗದ್ದೆ, ಸೌದೆ, ಅಡುಗೆ ಎಲ್ಲ ಯಾರ ಮೈಮೇಲೆ ಬಿತ್ತು ಅಂತ ಬರೆದೇ ಇದ್ದಾರೆ. ಅವರು ಆ ಮನೆ ಹಿಡ್ಕೊಂಡಿದ್ದಕ್ಕೇ ರಾಮನಿಗೆ ಮರಳೋಕೆ ಒಂದು ಜಾಗ ಇತ್ತು. ಹಾಸ್ಟೆಲಲ್ಲಿ ಅದನ್ನ ನೋಡದೇ ಪುಟ ತಿರುಗಿಸಿದ್ದು ನಾನು.

ನಮ್ಮಮ್ಮ ಊರಲ್ಲಿ ಒಬ್ಬರೇ ಇದ್ದಾರೆ. “ಮನೆ ಮಾರೋದು ಬೇಡ, ಮುಂದೆ ಬಂದುಬಿಡ್ತೀನಿ” ಅಂತ ಎಂಟು ವರ್ಷದಿಂದ ಫೋನಲ್ಲಿ ಹೇಳ್ತಿರೋನು ನಾನು. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಿಸೋದು, ಅಂಗಳದ ಪಾಚಿ ತಿಕ್ಕೋದು ಅವರು. ಪುಸ್ತಕ ಮುಗಿಸಿದ ರಾತ್ರಿ ಮೊದಲ ಸಲ ಕೇಳಿದೆ: “ಅಮ್ಮಾ, ನಿಂಗೆ ಅಲ್ಲಿರೋಕೆ ಇಷ್ಟಾನಾ?” ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಈಗ ಕೇಳ್ತಿದ್ದೀಯಲ್ಲೋ” ಅಂದ್ರು. ಉತ್ತರ ಇನ್ನೂ ಹೇಳಿಲ್ಲ. ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ, ಎದುರಿಗೆ ಕೂತು ಕೇಳ್ತೀನಿ.

ನೀವೂ ಪುಸ್ತಕ ಓದಿ. ನಿಮ್ಮ ಊರ ಮನೆ ನೋಡ್ಕೊಳ್ತಿರೋರು ಯಾರು? ಈ ವಾರ ಅವರಿಗೊಂದು ಫೋನ್ ಮಾಡಿ. ಮತ್ತೆ ಸಿಗೋಣ.