ಸರಕಾರಿ ಹಡಗುಗಳ ಹಣೆಬರಹ

ಒಂದೇ ತಾಯಿಯ ಮಕ್ಕಳಿಗೂ ಹಣೆಬರಹ ಬೇರೆ ಬೇರೆಯಷ್ಟೆ. ಹಡಗುಗಳಿಗೂ ಈ ಮಾತು ಸಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಸರಕಿನ ಹಡಗುಗಳನ್ನು ಮುಳುಗಿಸುತ್ತ ಬಂದಾಗ, ಸರಕಾರಗಳೇ ಹಡಗು ಕಟ್ಟಿಸಲು ನಿಂತವು. ಅಮೇರಿಕವೊಂದೇ 2,710 ‘ಲಿಬರ್ಟಿ’ ಹಡಗುಗಳನ್ನು ಕಟ್ಟಿಸಿತು.

ಅವುಗಳಲ್ಲೊಂದಾದ ‘ಜೆರೆಮಯಾ ಓಬ್ರಿಯನ್’ 1944ರಲ್ಲಿ ನಾರ್ಮಂಡಿಯ ದಂಡಿಗೆ ಸರಕು ಹೊತ್ತಿತು. ಐವತ್ತು ವರ್ಷಗಳ ಮೇಲೆ, 1994ರಲ್ಲಿ, ಅದೇ ತೀರಕ್ಕೆ ತಾನೇ ಮತ್ತೆ ಹೋಗಿಬಂದಿತು! ಈಗ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದೊಂದು ವಸ್ತುಸಂಗ್ರಹಾಲಯ.

ಜರ್ಮನರ ‘ಮೊಂಟೆ ರೋಸಾ’ ಯುದ್ಧದ ಕೊನೆಗೆ ಬ್ರಿಟಿಷ್ ಸರಕಾರದ ಕೈಸೇರಿ ‘ಎಂಪೈರ್ ವಿಂಡ್‌ರಷ್’ ಆಯಿತು. 1948ರಲ್ಲಿ ವೆಸ್ಟ್ ಇಂಡೀಸಿನ ನೂರಾರು ಮಂದಿಯನ್ನು ಇಂಗ್ಲೆಂಡಿಗೆ ಕರೆತಂದಿತು. 1954ರಲ್ಲಿ ಬೆಂಕಿ ತಗುಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿತಾದರೂ, ಹೊಟ್ಟೆಪಾಡಿಗೆ ಊರು ಬಿಟ್ಟ ಆ ತಲೆಮಾರಿಗೆ ಇಂದಿಗೂ ಅದರದೇ ಹೆಸರು. ಊರು ಬಿಟ್ಟು ಬಂದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮ ಮುಂಬಯಿಯ ಕಥೆ. ಕೆನಡಾದಲ್ಲಿ 1942ರಲ್ಲಿ ಕಟ್ಟಿದ ‘ಫೋರ್ಟ್ ಸ್ಟಿಕೀನ್’ ಸುಮಾರು 1,400 ಟನ್ನು ಸಿಡಿಮದ್ದನ್ನು ಹೊತ್ತು ವಿಕ್ಟೋರಿಯಾ ಡಾಕಿಗೆ ಬಂದಿತು. ಕರಾಚಿಯಲ್ಲಿ ಹೇರಿಕೊಂಡ ಹತ್ತಿಯ ಬೇಲುಗಳೂ ಅದೇ ಒಡಲಲ್ಲಿದ್ದವು. ಮದ್ದೂ ಹತ್ತಿಯೂ ಒಟ್ಟಿಗೆ! ಶಾಂತಿಕಾಲದಲ್ಲಿ ಯಾರೂ ಒಪ್ಪದುದನ್ನು ಯುದ್ಧದ ಅವಸರ ಒಪ್ಪಿಸಿತು. 1944ರ ಏಪ್ರಿಲ್ 14ರ ಮಧ್ಯಾಹ್ನ ಹತ್ತಿ ಹೊತ್ತಿಕೊಂಡಿತು. ನಾಲ್ಕು ಗಂಟೆ ದಾಟಿದೊಡನೆ ಹಡಗು ಎರಡು ಸಲ ಸಿಡಿಯಿತು. ನೂರಾರು ಜನ ಮಡಿದರು. ಬೆಂಕಿಯಾರಿಸಲು ಹೋದ 66 ಮಂದಿ ಮರಳಿ ಬರಲಿಲ್ಲ.

ಅವರ ನೆನಪಿಗಾಗಿಯೇ ಏಪ್ರಿಲ್ 14ನ್ನು ದೇಶವೆಲ್ಲ ಅಗ್ನಿಶಾಮಕ ದಿನವಾಗಿ ಆಚರಿಸುತ್ತದೆ. ಆ ದಿನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಈ ಕಥೆಯನ್ನು ಹೇಳಿರಿ.