ನೀರು ತುಂಬಿದ ಲೆನ್ಸಿಗೆ ನಲ್ಲಿ ನೀರು ಬೇಡ

ಮೊದಲ ಸಲ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುತ್ತಿದ್ದ ತಂಗಿಯ ಮಗಳ ಬೆರಳಿನಿಂದ ಲೆನ್ಸ್ ಜಾರಿ ವಾಷ್ ಬೇಸಿನ್ನಿಗೆ ಬಿತ್ತು. ಅದನ್ನು ಜೋಪಾನವಾಗಿ ಎತ್ತಿಕೊಂಡು ನಲ್ಲಿ ತಿರುಗಿಸಲು ಹೋದಳು. ನಾನು ಕೈ ಹಿಡಿದು ತಡೆದೆ. "ಯಾಕೆ ದೊಡ್ಡಮ್ಮ? ದಿನಾ ಮುಖ ತೊಳೆಯೋ ನೀರೇ ತಾನೇ?" ಎಂದಳು. ಬಿದ್ದದ್ದನ್ನು ನೀರಿನಲ್ಲಿ ತೊಳೆದರೆ ಶುದ್ಧವಾಯಿತು ಎಂಬುದು ನಾವೆಲ್ಲ ಮನೆಯಲ್ಲೇ ಕಲಿತ ಪಾಠ. ಲೆನ್ಸಿನ ವಿಷಯದಲ್ಲಿ ಮಾತ್ರ ಅದನ್ನು ಬದಿಗಿಡಬೇಕು. ಏಕೆಂದು ತಿಳಿದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಲೆನ್ಸ್ ಕೂರುವುದು ಕಾರ್ನಿಯಾದ ಮೇಲೆ. ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನ ಹಾಗಿರುವ ಈ ಪದರದ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್. ಕಣ್ಣು ಬೆಳಕನ್ನು ಬಾಗಿಸುವ ಕೆಲಸದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇದರದೇ. ಸ್ವಚ್ಛವಾಗಿ ಬೆಳಕು ಹಾಯಬೇಕಲ್ಲ, ಅದಕ್ಕೇ ಇದರಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಮ್ಲಜನಕವನ್ನು ಇದು ಮುಖ್ಯವಾಗಿ ಎದುರಿನ ಗಾಳಿಯಿಂದಲೇ, ಕಣ್ಣೀರಿನ ತೆಳು ಪೊರೆಯ ಮೂಲಕ, ಪಡೆಯುತ್ತದೆ. ಕಣ್ಣು ಮುಚ್ಚಿ ಮಲಗಿದಾಗ ಆ ಪೂರೈಕೆ ಇಳಿಯುತ್ತದೆ. ಮೇಲೆ ಲೆನ್ಸೂ ಇದ್ದರೆ ಇನ್ನಷ್ಟು ಇಳಿಯುತ್ತದೆ. ಲೆನ್ಸ್ ಹಾಕಿಕೊಂಡೇ ನಿದ್ದೆ ಮಾಡುವವರಿಗೆ ಕಾರ್ನಿಯಾದ ಸೋಂಕು ತಗಲುವ ಅಪಾಯ ಹಲವು ಪಟ್ಟು ಹೆಚ್ಚು. ಮಧ್ಯಾಹ್ನದ ಸಣ್ಣ ಜೋಂಪಿಗೂ ಲೆನ್ಸ್ ತೆಗೆಯಿರಿ ಎನ್ನುವುದು ಇದಕ್ಕೇ.

ಮೆತ್ತನೆಯ ಲೆನ್ಸ್ ಹುಟ್ಟಿದ್ದು ಜೆಕ್ ರಸಾಯನವಿಜ್ಞಾನಿ ಒಟ್ಟೊ ವಿಖ್ಟರ್ಲೆ ಅವರ ಮನೆಯಲ್ಲಿ. 1961ರ ಕ್ರಿಸ್‌ಮಸ್ ಹೊತ್ತಿಗೆ ಅವರು ಮಕ್ಕಳ ಜೋಡಣೆಯಾಟದ ಲೋಹದ ಪಟ್ಟಿಗಳು ಮತ್ತು ಸೈಕಲ್ ಡೈನಮೊ ಬಳಸಿ ಒಂದು ಪುಟ್ಟ ಯಂತ್ರ ಕಟ್ಟಿದರು. ಬಟ್ಟಲಿನಂಥ ಅಚ್ಚಿನಲ್ಲಿ ದ್ರವ ಹಾಕಿ ಗಿರಗಿರನೆ ತಿರುಗಿಸಿದರೆ, ಕಡೆಯುವ ಮಜ್ಜಿಗೆ ಪಾತ್ರೆಯ ಅಂಚಿಗೆ ಏರುವ ಹಾಗೆ, ದ್ರವ ಅಂಚಿಗೇರಿ ನಡುವೆ ತಗ್ಗಾಗುತ್ತದೆ. ಅದೇ ಆಕಾರದಲ್ಲಿ ಗಟ್ಟಿಯಾದರೆ ಲೆನ್ಸ್ ಸಿದ್ಧ. ಅವರು ಬಳಸಿದ ಹೈಡ್ರೊಜೆಲ್ ನೀರು ಹೀರಿಕೊಂಡು ಮೆತ್ತಗಾಗುವ ಪ್ಲಾಸ್ಟಿಕ್. ಅದರ ತೂಕದಲ್ಲಿ ಶೇ. 38ರಷ್ಟು ನೀರೇ.

ನೀರು ಹೀರುವ ಈ ಗುಣದಿಂದಲೇ ಲೆನ್ಸ್ ಕಣ್ಣಿಗೆ ಹಿತವಾಗಿ ಒಗ್ಗುತ್ತದೆ. ತೊಂದರೆಯೂ ಅಲ್ಲೇ ಇದೆ. ಕಣ್ಣೀರು ಉಪ್ಪು, ನಲ್ಲಿ ನೀರು ಸಪ್ಪೆ. ಸಪ್ಪೆ ನೀರು ತಗಲಿದರೆ ಲೆನ್ಸಿನ ಆಕಾರ ಕೆಡುತ್ತದೆ, ಕಾರ್ನಿಯಾಕ್ಕೆ ಬಿಗಿಯಾಗಿ ಅಂಟಬಹುದು. ಇದಕ್ಕಿಂತ ದೊಡ್ಡ ಆತಂಕ ಅಕಾಂಥಮೀಬಾ ಎಂಬ ಏಕಕೋಶ ಜೀವಿ. ಮಣ್ಣು, ಕೆರೆ, ಬಾವಿ, ಈಜುಕೊಳ, ನಲ್ಲಿ ನೀರು ಎಲ್ಲೆಲ್ಲೂ ಇದು ಸಿಗುತ್ತದೆ. ಕಷ್ಟಕಾಲ ಬಂದರೆ ಎರಡು ಪದರದ ಕವಚ ಕಟ್ಟಿಕೊಂಡು ಕೂರುತ್ತದೆ. ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಆ ಕವಚವನ್ನು ದಾಟಲಾರದು. ಮುಖ ತೊಳೆಯುವಾಗ ಕಣ್ಣಿಗೆ ಬಿದ್ದ ನೀರನ್ನು ರೆಪ್ಪೆ ಮತ್ತು ಕಣ್ಣೀರು ಕ್ಷಣದಲ್ಲಿ ತಳ್ಳಿಬಿಡುತ್ತವೆ. ಲೆನ್ಸಿಗೆ ಅಂಟಿ ಬಂದ ಜೀವಿಯಾದರೋ ಗಂಟೆಗಟ್ಟಲೆ ಕಾರ್ನಿಯಾಕ್ಕೆ ಒತ್ತಿಕೊಂಡೇ ಇರುತ್ತದೆ. ಅಲ್ಲೊಂದು ಸಣ್ಣ ಗೀರಿದ್ದರೆ ಸಾಕು, ಒಳಗೆ ಇಳಿಯುತ್ತದೆ. ಈ ಸೋಂಕು ಅಪರೂಪ, ಆದರೆ ಬಂದರೆ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ, ದೃಷ್ಟಿಯೇ ಹೋಗಬಹುದು. ತಂಗಿಯ ಮಗಳದು ದಿನಕ್ಕೊಂದು ಬಳಸಿ ಬಿಸಾಡುವ ಲೆನ್ಸ್. ಬಿದ್ದದ್ದನ್ನು ಎಸೆದು ಹೊಸ ಪೊಟ್ಟಣ ತೆಗೆ ಎಂದೆ.

ಈ ಸಲ ಬೇಸಿನ್ ಬಿಟ್ಟು, ಮೇಜಿನ ಮೇಲೆ ಕನ್ನಡಿಯಿಟ್ಟು ಕೂತೆವು. ಸೋಪಿನಿಂದ ಕೈ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು. ಒದ್ದೆ ಬೆರಳೆಂದರೆ ಮತ್ತೆ ನಲ್ಲಿ ನೀರೇ. ಹಸಿಮೆಣಸಿನಕಾಯಿ ಹೆಚ್ಚುವುದಿದ್ದರೆ ಲೆನ್ಸ್ ಹಾಕಿದ ಮೇಲೆ ಹೆಚ್ಚಿ, ಏಕೆಂದರೆ ಅದರ ಖಾರ ಬರಿಯ ನೀರಿಗೆ ಬಿಡುವುದಿಲ್ಲ. ಕಾಡಿಗೆಯೂ ಲೆನ್ಸ್ ಹಾಕಿದ ಮೇಲೆಯೇ. ಎರಡೂ ಕಣ್ಣಿನ ಪವರ್ ಅದಲುಬದಲಾಗದಂತೆ ದಿನವೂ ಬಲಗಣ್ಣಿನಿಂದಲೇ ಶುರುಮಾಡಿ.

ಲೆನ್ಸನ್ನು ತೋರುಬೆರಳ ತುದಿಯಲ್ಲಿಟ್ಟು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಅಂಚು ಬಟ್ಟಲಿನಂತೆ ನೆಟ್ಟಗಿದ್ದರೆ ಸರಿ, ತಟ್ಟೆಯಂತೆ ಹೊರಕ್ಕೆ ಚಾಚಿದ್ದರೆ ಮಗುಚಿದೆ ಎಂದರ್ಥ. ಅನುಮಾನವಿದ್ದರೆ ಮೆಲ್ಲಗೆ ಮಡಿಸಿ: ಅಂಚುಗಳು ಕರ್ಜಿಕಾಯಿಯ ಹಾಗೆ ಒಳಮುಖವಾಗಿ ಕೂಡಿದರೆ ಅದು ಸರಿಯಾದ ಮಗ್ಗುಲು. ಹರಿದ ಲೆನ್ಸನ್ನಂತೂ ಹಾಕಲೇಬಾರದು.

ಇನ್ನು ಅದೇ ಕೈಯ ನಡುಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆ, ಇನ್ನೊಂದು ಕೈಯಿಂದ ಮೇಲ್ರೆಪ್ಪೆಯನ್ನು ಕೂದಲ ಬುಡದಲ್ಲೇ ಹಿಡಿದು ಮೇಲಕ್ಕೆ ಸರಿಸಿ. ಬುಡದಲ್ಲಿ ಹಿಡಿಯದಿದ್ದರೆ ರೆಪ್ಪೆ ತಾನಾಗಿ ಮುಚ್ಚಿಬಿಡುತ್ತದೆ. ಕಾರ್ನಿಯಾದಲ್ಲಿ ನರಗಳ ದಟ್ಟಣೆ ಅಷ್ಟಿದೆ, ಹಾಗೆ ಮುಚ್ಚಿಕೊಳ್ಳುವುದೇ ಕಣ್ಣಿನ ಕಾವಲು. ಹೆದರಿಕೆಯಾಯಿತೆಂದು ನಾಚಬೇಕಿಲ್ಲ. ಕನ್ನಡಿಯನ್ನೇ ನೇರ ನೋಡುತ್ತಾ ಲೆನ್ಸನ್ನು ಮೆಲ್ಲಗೆ ತಾಗಿಸಿ. ಕಣ್ಣೀರೇ ಅದನ್ನು ಎಳೆದುಕೊಳ್ಳುತ್ತದೆ. ಕೆಳಗೆ ನೋಡಿ, ರೆಪ್ಪೆಗಳನ್ನು ನಿಧಾನವಾಗಿ ಬಿಡಿ. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋದೀತೆಂಬ ಭಯ ಬೇಡ. ಬಿಳಿಗುಡ್ಡೆಯ ಮೇಲಿನ ಪೊರೆ ಮಡಚಿಕೊಂಡು ರೆಪ್ಪೆಯ ಒಳಮೈಗೆ ಸೇರುವುದರಿಂದ ಹಿಂದಕ್ಕೆ ದಾರಿಯೇ ಇಲ್ಲ.

ತೆಗೆಯುವಾಗಲೂ ಕೈ ತೊಳೆದು ಒಣಗಿಸಿ. ಮೇಲೆ ನೋಡುತ್ತಾ ಲೆನ್ಸನ್ನು ಬಿಳಿಗುಡ್ಡೆಗೆ ಜಾರಿಸಿ, ಉಗುರು ತಾಗದಂತೆ ಬೆರಳ ಮೆತ್ತೆಯಿಂದ ಚಿವುಟಿ ತೆಗೆಯಿರಿ. ತಿಂಗಳಿಡೀ ಬಳಸುವ ಲೆನ್ಸಾದರೆ ಅಂಗೈಯಲ್ಲಿಟ್ಟು ಲೆನ್ಸ್ ದ್ರಾವಣದಿಂದ ಉಜ್ಜಿ ತೊಳೆದು, ಡಬ್ಬಿಯಲ್ಲಿ ಹೊಸ ದ್ರಾವಣ ತುಂಬಿ ಇಡಿ. ನಿನ್ನೆಯದಕ್ಕೆ ಇಂದಿನದನ್ನು ಬೆರೆಸಿದರೆ ಕ್ರಿಮಿ ಕೊಲ್ಲುವ ಶಕ್ತಿ ಕುಗ್ಗುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಡಬ್ಬಿ ಬದಲಿಸಿ. ಸ್ನಾನಕ್ಕೂ ಈಜಿಗೂ ಮೊದಲು ಲೆನ್ಸ್ ತೆಗೆಯಿರಿ.

ಕಣ್ಣು ಕೆಂಪಾದರೆ, ನೋವಿದ್ದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಸುಕಾದರೆ ತಕ್ಷಣ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಿಕೊಂಡು ಕಾಯಬೇಡಿ. ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೊಯ್ಯಿರಿ. ಯಾವ ಸೋಂಕೆಂಬುದರ ಸುಳಿವು ಅವುಗಳಲ್ಲೇ ಸಿಗಬಹುದು. ಅಂಥ ದಿನ ದಾರಿ ಕಾಣಿಸಲು ಹಳೆಯ ಕನ್ನಡಕವೇ ಬೇಕು. ತಂಗಿಯ ಮಗಳು ಅಂದು ತನ್ನದನ್ನು ಕಪಾಟಿನೊಳಗೆ ಸೇರಿಸಲು ಹೊರಟಿದ್ದಳು. ನಾನು ಅದನ್ನು ಒರೆಸಿ ಅವಳ ಕೈಚೀಲಕ್ಕೆ ಹಾಕಿದೆ.