ಆಶುತೋಷ ಮುಖರ್ಜಿಯವರು ಕಲಿಸುವ ಪಾಠ

ನಿಂತ ನೀರಿನಂತಿರುವ ವಿದ್ಯಾಸಂಸ್ಥೆಯನ್ನು ಒಬ್ಬ ವ್ಯಕ್ತಿ ಹರಿಯುವ ಹೊಳೆಯಾಗಿಸಬಲ್ಲನೆ? ಆಗಿಸಬಲ್ಲನೆಂಬುದಕ್ಕೆ ಚರಿತ್ರೆಯಲ್ಲಿ ನನಗೆ ಕಾಣುವ ದೊಡ್ಡ ಸಾಕ್ಷಿ ಕಲ್ಕತ್ತೆಯ ಆಶುತೋಷ ಮುಖರ್ಜಿಯವರು.

1857ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಹುಟ್ಟಿದ ಕಲ್ಕತ್ತಾ ವಿಶ್ವವಿದ್ಯಾನಿಲಯ ಬಹುಕಾಲ ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿಯಾಗಿತ್ತು. ಪಾಠ ಹೇಳುವುದು ಕಾಲೇಜುಗಳ ಕೆಲಸ. ಕರ್ಜನ್ನನ ಕಾಲದ 1904ರ ಶಾಸನ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿತೆಂದು ದೇಶಾಭಿಮಾನಿಗಳು ಅದನ್ನು ವಿರೋಧಿಸಿದರು. ಆದರೆ ವಿಶ್ವವಿದ್ಯಾನಿಲಯ ತಾನೇ ಅಧ್ಯಾಪಕರನ್ನು ನೇಮಿಸಿಕೊಂಡು ಬೋಧನೆ, ಸಂಶೋಧನೆಗಳನ್ನು ನಡೆಸಲು ಅದೇ ಶಾಸನದಲ್ಲಿ ಎಡೆಯಿತ್ತು. ಹೈಕೋರ್ಟಿನ ನ್ಯಾಯಾಧೀಶರಾಗಿದ್ದುಕೊಂಡೇ 1906ರಲ್ಲಿ ಕುಲಪತಿಯಾದ ಆಶುತೋಷರು ಆ ಎಡೆಯನ್ನು ಕಂಡುಕೊಂಡರು. ಒಲ್ಲದ ಕಾನೂನಿನಲ್ಲಿಯೂ ಒಳಿತಿನ ಬೀಜವನ್ನು ಹುಡುಕಿ ಬಿತ್ತಬೇಕೆಂಬುದು ಅವರಿಂದ ಕಲಿಯಬೇಕಾದ ಮೊದಲ ಪಾಠ.

ಎರಡನೆಯದು, ಗುಣಗ್ರಹಣ. ತಾರಕನಾಥ ಪಾಲಿತ್, ರಾಸಬಿಹಾರಿ ಘೋಷ್ ಎಂಬ ವಕೀಲರಿಬ್ಬರ ಉದಾರ ದಾನದಿಂದ 1914ರಲ್ಲಿ ವಿಜ್ಞಾನ ಕಾಲೇಜಿಗೆ ಅಡಿಗಲ್ಲು ಬಿದ್ದಿತು. ಅಲ್ಲಿಯ ಭೌತಶಾಸ್ತ್ರ ಪೀಠಕ್ಕೆ ಆಶುತೋಷರು ಕರೆದದ್ದು ಹಣಕಾಸು ಇಲಾಖೆಯಲ್ಲಿದ್ದ ಒಬ್ಬ ತರುಣ ಅಧಿಕಾರಿಯನ್ನು. ಕಚೇರಿಯ ವೇಳೆ ಮುಗಿದ ಮೇಲೆ ಪ್ರಯೋಗಗಳಲ್ಲಿ ಮುಳುಗುತ್ತಿದ್ದ ಸಿ. ವಿ. ರಾಮನ್ನರು ಕಡಿಮೆ ಸಂಬಳಕ್ಕೆ ಒಪ್ಪಿ 1917ರಲ್ಲಿ ಬಂದರು. ತತ್ತ್ವಶಾಸ್ತ್ರ ಪೀಠಕ್ಕೆ 1921ರಲ್ಲಿ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಿಂದ ರಾಧಾಕೃಷ್ಣನ್ನರು ಹೋದರು. ಇಬ್ಬರೂ ಬಂಗಾಳಿಗಳಲ್ಲ, ವಯಸ್ಸಿನಲ್ಲಿ ಹಿರಿಯರೂ ಅಲ್ಲ. 1919ರಲ್ಲಿ ಭಾರತೀಯ ದೇಶಭಾಷೆಗಳಿಗೆ ಅಲ್ಲಿ ಎಂ.ಎ. ತರಗತಿ ತೆರೆಯಿತು. ಮೈಸೂರಿನಲ್ಲಿ ಕನ್ನಡಕ್ಕೆ ಆ ಭಾಗ್ಯ ಬಂದದ್ದು 1927ರಲ್ಲಿ. ಕನ್ನಡ ಎಂ.ಎ.ಯ ಅನ್ನವನ್ನುಂಡ ನಾನು ಇದನ್ನು ಮರೆಯಲಾರೆ.

ಮೂರನೆಯ ಪಾಠ ಕಠಿಣವಾದದ್ದು. 1921ರಲ್ಲಿ ಅವರು ಮತ್ತೆ ಕುಲಪತಿಯಾದಾಗ ವಿಶ್ವವಿದ್ಯಾನಿಲಯದ ಬೊಕ್ಕಸ ಬರಿದಾಗಿತ್ತು. 1922ರಲ್ಲಿ ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದಾಯಿತು. ಜೊತೆಗೆ ಷರತ್ತುಗಳನ್ನೂ ಹೇರಿತು. ಸ್ವಾತಂತ್ರ್ಯವನ್ನು ಮಾರಿ ಹಣ ಪಡೆಯಲು ಅವರು ಒಪ್ಪಲಿಲ್ಲ. ಮರುವರ್ಷ ಷರತ್ತಿನೊಡನೆ ಬಂದ ಕುಲಪತಿ ಪದವಿಯನ್ನೂ ನಿರಾಕರಿಸಿದರು.

ಅವರಲ್ಲಿ ಕುಂದಿರಲಿಲ್ಲವೆಂದಲ್ಲ. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲೇ ಇರಿಸಿಕೊಂಡರು, ಆದಾಯಕ್ಕೆ ಮೀರಿ ವಿಭಾಗಗಳನ್ನು ಹಬ್ಬಿಸಿದರು ಎಂದು ಟೀಕಾಕಾರರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳುಂಟು. ಒಬ್ಬನ ತೋಳ್ಬಲದಿಂದಲೇ ನಿಂತ ಸಂಸ್ಥೆ ಅವನು ಹೋದ ಮೇಲೆ ತೂರಾಡೀತು. ಆದ್ದರಿಂದ ಅನುಕರಿಸಬೇಕಾದದ್ದು ಅವರ ಹಟವನ್ನಲ್ಲ, ಅವರ ನಿಷ್ಠೆಯನ್ನು.

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಆಯ್ಕೆ ಸಮಿತಿಯೊಂದರಲ್ಲಿ ನಾನೂ ಒಬ್ಬ ಸದಸ್ಯ. ಬಂದವರಲ್ಲಿ ಹಳಗನ್ನಡವನ್ನು ಅಂಗೈ ನೆಲ್ಲಿಯಂತೆ ಬಲ್ಲ ಒಬ್ಬ ತರುಣನಿದ್ದ. ಅವನಿಗೆ ಹೇಳುವವರಾರೂ ಇರಲಿಲ್ಲ. ಬೇರೆಯವನ ಹೆಸರು ಮೊದಲೇ ತೀರ್ಮಾನವಾಗಿತ್ತು. ನಾನು ಒಂದು ಮಾತನ್ನೂ ಆಡದೆ ರುಜು ಹಾಕಿ ಎದ್ದುಬಂದೆ. ಆ ತರುಣ ಅಧ್ಯಾಪನವನ್ನೇ ತೊರೆದನೆಂದು ಆಮೇಲೆ ತಿಳಿಯಿತು.

ವಿಶ್ವವಿದ್ಯಾನಿಲಯಗಳು ಕೆಟ್ಟವೆಂದು ನಾವು ಕುಲಪತಿಗಳನ್ನು ದೂರುತ್ತೇವೆ. ಆಶುತೋಷರು ಬರಿದಾದ ಬೊಕ್ಕಸದೆದುರು ನಿಂತು ಒಲ್ಲೆನೆಂದರು. ಆ ದಿನ ಒಲ್ಲೆನೆಂದಿದ್ದರೆ ನಾನು ಕಳೆದುಕೊಳ್ಳುವುದು ಏನೂ ಇರಲಿಲ್ಲ.